ಮ್ಯಾಚ್ ಅಂತ ಹೋದೆ, ಶೂಟಿಂಗ್ ನಡೆದಿತ್ತು. 'ನೋ ಬಾಲ್' ಅಂತ ಕೂಗಿದ್ದು ತಪ್ಪಾ?

ಕಟ್ಟೆ ಮೇಲಿನವ (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲರಿಗೂ. ಭಾನುವಾರ ನಡೆದದ್ದನ್ನು ಹೇಳುತ್ತೇನೆ, ನೀವೇ ನ್ಯಾಯ ಮಾಡಿ. ಮನೆಯಲ್ಲಿ ಹೇಳಿದರೆ ಬರೀ ನಗುತ್ತಾರೆ.

ಭಾನುವಾರ ಬೆಳಿಗ್ಗೆ ಮೈದಾನದ ಕಟ್ಟೆ ಮೇಲೆ ಕೂತು ಲೀಗ್ ಮ್ಯಾಚ್ ನೋಡುವುದು ನನ್ನ ಚಟ. ಆಡುವವರು ಯಾರಾದರೂ ಸರಿ. ಮೀಸೆ ಬರದ ಹುಡುಗರಾಗಲಿ, ಹೊಟ್ಟೆ ಬಂದ ಬ್ಯಾಂಕಿನವರಾಗಲಿ, ಮೊದಲ ಓವರಿನಿಂದ ಕೊನೆಯವರೆಗೆ ಕೂರುತ್ತೇನೆ. ಒಂಬತ್ತು ವರ್ಷದ ಮಗಳೂ ಬರುತ್ತಾಳೆ. ಅವಳು ಬರುವುದು ಮಿರ್ಚಿ ಭಜಿಗೆ, ಕ್ರಿಕೆಟ್ಟಿಗಲ್ಲ. ಯಾವ ಮೈದಾನ ಅಂತ ಕೇಳಬೇಡಿ, ನಮ್ಮ ಕಡೆಯದ್ದೇ ಒಂದು.

ಈ ಸಲ ದೂರದಿಂದಲೇ ಬಿಳಿ ಬಟ್ಟೆ, ಕೆಂಪು ಚೆಂಡು, ಬಿಳಿ ಕೋಟಿನ ಅಂಪೈರುಗಳು ಕಂಡರು. ಸ್ಕೋರ್‌ಬೋರ್ಡಿನಲ್ಲಿ 'ಕರ್ನಾಟಕ 287/6' ಅಂತ ಇತ್ತು. ಎದೆ ಝಲ್ ಎಂದಿತು. ನನಗೇ ಗೊತ್ತಿಲ್ಲದೆ ನಮ್ಮೂರಲ್ಲಿ ಕರ್ನಾಟಕ ಆಡುತ್ತಿದೆಯಾ? ಓಡಿ ಹೋಗಿ ಸ್ಕ್ವೇರ್ ಲೆಗ್ ಕಡೆ ಕಟ್ಟೆ ಹಿಡಿದೆ.

ಬೌಲರ್ ಓಡಿ ಬಂದ, ಹಾಕಿದ. ಬ್ಯಾಟ್ಸ್‌ಮನ್ ಪುಲ್ ಹೊಡೆದ. ಎಲ್ಲರೂ ಮೇಲೆ ನೋಡಿದರು. ಚೆಂಡಿನ ಹಿಂದೆ ಮಾತ್ರ ಯಾರೂ ಓಡಲಿಲ್ಲ. ಮತ್ತೆ ಬೌಲರ್ ಓಡಿ ಬಂದ, ಮತ್ತೆ ಪುಲ್, ಮತ್ತೆ ಎಲ್ಲರೂ ಮೇಲೆ ನೋಡಿದರು. ಮೂರನೇ ಚೆಂಡೂ ಹಾಗೇ. ಮಗಳು "ಪಪ್ಪಾ, ಇದು ಹೈಲೈಟ್ಸಾ?" ಅಂದಳು. ನನಗೆ ಅದರ ಕಡೆ ಗಮನವೇ ಇಲ್ಲ. ನಾನು ಫೀಲ್ಡರುಗಳನ್ನು ಎಣಿಸುತ್ತಿದ್ದೆ. ಲೆಗ್ ಸ್ಲಿಪ್‌ನಲ್ಲಿ ಒಬ್ಬ, ಫೈನ್ ಲೆಗ್‌ನಲ್ಲಿ ಒಬ್ಬ, ಡೀಪ್ ಬ್ಯಾಕ್‌ವರ್ಡ್ ಸ್ಕ್ವೇರ್‌ನಲ್ಲಿ ಇನ್ನೊಬ್ಬ. ಮೂರು ಜನ! ಲೆಗ್ ಅಂಪೈರ್ ಕಂಬದ ಹಾಗೆ ನಿಂತಿದ್ದಾನೆ.

ಬಾಯಿ ತಡೆಯಲಿಲ್ಲ. "ನೋ ಬಾಲ್ ರೀ ಅಂಪೈರ್ರ! ಹಿಂದ ಮೂರು ಮಂದಿ ಅದಾರ!" ಅಂತ ಕೂಗಿಬಿಟ್ಟೆ.

ಮೈಕಿನಲ್ಲಿ "ಕಟ್!" ಅಂತ ಬಂತು. ಆಗ ನೋಡಿದೆ, ಸೈಟ್ ಸ್ಕ್ರೀನ್ ಪಕ್ಕದಲ್ಲಿ ಕ್ರೇನ್, ಕ್ಯಾಮೆರಾ, ಛತ್ರಿ ಹಿಡಿದ ಹುಡುಗ. ಟಿವಿಯವರು ಅಂದುಕೊಂಡಿದ್ದೆ. ವಾಕಿಟಾಕಿ ಹಿಡಿದ ಹುಡುಗಿಯೊಬ್ಬಳು ಓಡಿ ಬಂದು "ಅಂಕಲ್, ಪ್ಲೀಸ್" ಅಂತ ಕೈ ಮುಗಿದಳು. ನಿರ್ದೇಶಕರೂ ಬಂದರು. ಬೈಯುತ್ತಾರೆ ಅಂದುಕೊಂಡರೆ "ಏನು ತಪ್ಪಾಯ್ತು ಸರ್?" ಅಂತ ಕೇಳಿದರು. ಹೇಳಿದೆ. ಒಂದು ಸಲ ಮೈದಾನ ನೋಡಿದರು. "ಸರ್, ಆ ಮೂರನೆಯವನು ಹೀರೋ ಫ್ರೆಂಡು. ಫ್ರೇಮಲ್ಲಿ ಅವನು ಬೇಕು" ಅಂದು ಹೊರಟುಹೋದರು.

ಆಮೇಲೆ ನನ್ನ ತಲೆಗೆ ಒಂದು ಹಳೇ ಕಾಲದ ಟೋಪಿ ಹಾಕಿ ಜನರ ಮಧ್ಯೆ ಕೂರಿಸಿದರು. ಮಧ್ಯಾಹ್ನದವರೆಗೆ ಒಂದೇ ಸಿಕ್ಸರಿಗೆ ಚಪ್ಪಾಳೆ ತಟ್ಟಿದೆ.

ಈಗ ಹೇಳಿ. ನಾನು ಕೂಗಿದ್ದು ತಪ್ಪಾ?

ಮಿರ್ಚಿ ಭಜಿ ಸಂಘ

ತಪ್ಪೇ. ಮೊದಲು ಭಜಿ ಕೊಡಿಸಿದಿರೋ ಇಲ್ಲವೋ ಹೇಳಿ.

ಕಟ್ಟೆ ಮೇಲಿನವ

ಕೊಡಿಸಿದೆ. ಶೂಟಿಂಗಿನವರು ಬಂಡಿಯವನ ಭಜಿ ಅಷ್ಟನ್ನೂ ಮೊದಲೇ ಖರೀದಿ ಮಾಡಿದ್ದರು. ಎರಡನೇ ಘಾಣ ಬರುವವರೆಗೆ ಕಾಯಬೇಕಾಯಿತು. ಅದಕ್ಕೂ ಸ್ವಲ್ಪ ಸಿಟ್ಟಿತ್ತು ಅನ್ನಿ.

ಸ್ಕೋರರ್ ಮಾಮಾ (ಧಾರವಾಡ)

ಕೂಗಿದ್ದು ನೂರಕ್ಕೆ ನೂರು ಸರಿ. ನಿಯಮ ಸ್ಪಷ್ಟವಾಗಿದೆ. ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ, ಕೀಪರನ್ನು ಬಿಟ್ಟು, ಆನ್ ಸೈಡಿನಲ್ಲಿ, ಅಂದರೆ ಲೆಗ್ ಸೈಡಿನಲ್ಲಿ, ಬ್ಯಾಟ್ಸ್‌ಮನ್ ನಿಲ್ಲುವ ಗೆರೆಯಾದ ಪಾಪಿಂಗ್ ಕ್ರೀಸ್‌ ಹಿಂದೆ ಇಬ್ಬರಿಗಿಂತ ಹೆಚ್ಚು ಫೀಲ್ಡರ್ ಇರಬಾರದು. ಇದ್ದರೆ ಸ್ಟ್ರೈಕರ್ ಕಡೆಯ ಅಂಪೈರ್ ನೋ ಬಾಲ್ ಕೊಡಬೇಕು. ನೀವು ಬೈಯಬೇಕಾದದ್ದು ಆ ಲೆಗ್ ಅಂಪೈರಿಗೆ, ಬೌಲರಿಗಲ್ಲ. ಸರಿಯಾದವರಿಗೇ ಬೈದಿದ್ದೀರಿ.

ನವನಗರ ನಾನ್‌ಸ್ಟ್ರೈಕರ್

ಮಾಮಾ, ಸಿನಿಮಾ ಯಾವ ಕಾಲದ್ದು ಅಂತ ಮೊದಲು ಕೇಳಿ. ಹಳೇ ಕಾಲದ ಟೋಪಿ ಅಂದರಲ್ಲ. ಆಗ ಈ ನಿಯಮ ಇತ್ತಾ?

ಕಟ್ಟೆ ಮೇಲಿನವ

1996ರ ಕಥೆಯಂತೆ. ಹಳ್ಳಿ ಹುಡುಗ ರಣಜಿ ಆಡುವುದು. ಸಿನಿಮಾ ಹೆಸರು ಇನ್ನೂ ಇಟ್ಟಿಲ್ಲವಂತೆ.

ಸ್ಕೋರರ್ ಮಾಮಾ

1996ರಲ್ಲಿ ಖಂಡಿತ ಇತ್ತು. 1980ರ ನಿಯಮಾವಳಿಯಲ್ಲೇ ಇದೆ. 1932-33ರ ಬಾಡಿಲೈನ್ ಸರಣಿಯಲ್ಲಿ ಇಂಗ್ಲೆಂಡಿನವರು ಲೆಗ್ ಸೈಡಿನಲ್ಲಿ ಮಂದಿಯನ್ನು ತುಂಬಿಸಿ, ಎದೆಗೆ ಗುರಿಯಿಟ್ಟು ಹಾಕಿದರಲ್ಲ, ಈ ಕಟ್ಟುಪಾಡಿನ ಬೇರು ಆ ಜಗಳದಲ್ಲಿದೆ. ಹೀರೋ ಫ್ರೆಂಡು ಅಂತ ರಿಯಾಯಿತಿ ಇಲ್ಲ.

ಸಿನಿಮಾ ಹುಚ್ಚಿ (ವಿದ್ಯಾನಗರ)

ಅಯ್ಯೋ ದೇವರೇ. ಅಲ್ಲಿ ಎಂಬತ್ತು ಜನ ಬೆಳಗಿನ ಐದಕ್ಕೆ ಎದ್ದು ಬಂದು ನಿಂತಿರುತ್ತಾರೆ. ಮೋಡ ಬರುವುದರೊಳಗೆ ಶಾಟ್ ಮುಗಿಸಬೇಕು ಅಂತ ಒದ್ದಾಡುತ್ತಿರುತ್ತಾರೆ. ನೀವು ಕಟ್ಟೆ ಮೇಲೆ ಕೂತು ಕಾನೂನು ಹೇಳುತ್ತೀರಿ. ಸಿನಿಮಾ ನೋಡುವ ಎಷ್ಟು ಮಂದಿ ಲೆಗ್ ಸೈಡಿನಲ್ಲಿ ತಲೆ ಎಣಿಸುತ್ತಾರೆ? ಅವರು ನೋಡುವುದು ಆ ಹುಡುಗನ ಮುಖ. ಅವನ ಅಪ್ಪ ಜನರ ಮಧ್ಯೆ ಕೂತಿದ್ದಾನಾ ಇಲ್ಲವಾ, ಅದು.

ಸ್ಕೋರರ್ ಮಾಮಾ

ನಾನು ಎಣಿಸುತ್ತೇನೆ.

ರಾಣೆಬೆನ್ನೂರು ರೇಡರ್

ನಾನೂ ಎಣಿಸುತ್ತೇನೆ ಅಕ್ಕಾ. ಆದರೆ ನನ್ನದು ಕಬಡ್ಡಿ. ಎರಡು ವರ್ಷದ ಹಿಂದೆ ನಮ್ಮ ಕಡೆಯ ಕಾಲೇಜು ಮೈದಾನದಲ್ಲಿ ಕಬಡ್ಡಿ ಸೀನ್ ತೆಗೆದರು. ಹೀರೋ ರೇಡಿಗೆ ಹೋದ. ನಿಂತ. ವಿಲನ್‌ಗೆ ಡೈಲಾಗ್ ಹೇಳಿದ. ವಿಲನ್ ಅವನಿಗೆ ತಿರುಗಿ ಹೇಳಿದ. ಮಳೆ ಪೈಪ್ ತಂದರು, ಮಳೆ ಬಂತು, ಮತ್ತೆ ಡೈಲಾಗ್. ರೇಡ್ ಇರುವುದು 30 ಸೆಕೆಂಡು! ಬಾಯಲ್ಲಿ ಕಬಡ್ಡಿ ಅನ್ನುವ ಶಬ್ದ ಒಂದು ಸಲವೂ ಇಲ್ಲ. ನಾನು ಕೂಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತಿದೆ. ಕಟ್ಟೆಯವರು ಕೂಗಿ ಹಗುರಾದರು.

ಲೈಟ್ ಹುಡುಗ

ನಾನು ಯೂನಿಟ್‌ನಲ್ಲಿ ಕೆಲಸ ಮಾಡುವವನು. ಈ ಸಿನಿಮಾ ಅಲ್ಲ, ಬೇರೆ. ಮೂಲ ನಮ್ಮದು ಕುಂದಗೋಳ. ಎರಡೂ ಕಡೆ ಕಾಲಿಟ್ಟವನಾಗಿ ಸ್ವಲ್ಪ ಹೇಳುತ್ತೇನೆ.

ಮೊದಲನೆಯದು, ಕೂಗಿದ್ದರಿಂದ ನಷ್ಟ ಆಯಿತಾ ಅನ್ನುವುದು. ಸ್ಥಳದಲ್ಲೇ ಧ್ವನಿ ಹಿಡಿಯುವ ಸಿನಿಮಾ ಆದರೆ ಆ ಟೇಕ್ ಹೋಯಿತು ಅನ್ನಿ. ಡಬ್ಬಿಂಗ್ ಮಾಡುವುದಾದರೆ ಧ್ವನಿಗೆ ಚಿಂತೆ ಇಲ್ಲ, ಆದರೆ ಎಲ್ಲರೂ ತಿರುಗಿ ನಿಮ್ಮನ್ನು ನೋಡಿರುತ್ತಾರಲ್ಲ, ಅದು ಕೆಟ್ಟಿತು.

ಎರಡನೆಯದು, ನೀವು ಚೆಂಡಿನ ಹಿಂದೆ ಯಾರೂ ಓಡಲಿಲ್ಲ ಅಂದಿರಿ. ಚೆಂಡೇ ಇರಲಿಲ್ಲ ಅಂತ ನನ್ನ ಅನುಮಾನ. ಬೌಲರ್ ಬರೀ ಕೈ ಬೀಸುತ್ತಾನೆ, ಬ್ಯಾಟ್ಸ್‌ಮನ್ ಗಾಳಿಗೆ ಹೊಡೆಯುತ್ತಾನೆ, ಚೆಂಡನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂರಿಸುತ್ತಾರೆ. ಇಲ್ಲದಿದ್ದರೆ ಟೆನಿಸ್ ಬಾಲಿಗೆ ಕೆಂಪು ಬಣ್ಣ. ನಟನ ಹಲ್ಲಿಗೆ ಲೆದರ್ ಬಾಲ್ ತಾಗಿದರೆ ಹದಿನೈದು ದಿನ ಶೂಟಿಂಗ್ ಬಂದ್. ಹೀರೋ ಮುಖ ಒಂದು ಶಾಟ್. ಹೆಲ್ಮೆಟ್ ಹಾಕಿದ ಡ್ಯೂಪ್ ಹಿಂದಿನಿಂದ ಇನ್ನೊಂದು ಶಾಟ್, ಅವನು ಯಾವುದೋ ಲೀಗ್ ಆಡುವ ನಿಜವಾದ ಹುಡುಗ. ಬ್ಯಾಟು ಚೆಂಡಿಗೆ ತಾಗುವುದು ಮೂರನೇ ಶಾಟ್. ಸೆಕೆಂಡಿಗೆ 120 ಫ್ರೇಮ್ ತೆಗೆದು 24ರಲ್ಲಿ ಓಡಿಸಿದರೆ ಐದು ಪಟ್ಟು ನಿಧಾನ ಕಾಣುತ್ತದೆ. ಹೀಗೆ ಒಂದು ಸಿಕ್ಸರಿಗೆ ಅರ್ಧ ದಿನ.

ಜನ? ಅರವತ್ತು ಮಂದಿಯನ್ನು ಇಲ್ಲಿ ಕೂರಿಸಿ ತೆಗೆಯುತ್ತಾರೆ. ಕ್ಯಾಮೆರಾ ಒಂದು ಇಂಚೂ ಅಲುಗಾಡದ ಹಾಗೆ ಸ್ಟ್ಯಾಂಡಿನಲ್ಲಿ ಬಿಗಿದಿರುತ್ತಾರೆ. ಆಮೇಲೆ ಅದೇ ಅರವತ್ತು ಮಂದಿಯ ಟೋಪಿ, ಟವೆಲ್ ಬದಲಿಸಿ ಪಕ್ಕದ ಕಟ್ಟೆಗೆ ಕಳಿಸುತ್ತಾರೆ. ಎಲ್ಲವನ್ನೂ ಜೋಡಿಸಿದರೆ ಮೈದಾನ ತುಂಬುತ್ತದೆ. ಅಮೆರಿಕದ ಕಡೆ ಗಾಳಿ ತುಂಬಿದ ಗೊಂಬೆಗಳನ್ನೇ ಕುರ್ಚಿಗಳಲ್ಲಿ ಕೂರಿಸುವುದೂ ಉಂಟು. ನಮ್ಮ ಕಡೆ ಗೊಂಬೆಗಿಂತ ಮಂದಿ ಅಗ್ಗ, ಬೇಜಾರಾಗಬೇಡಿ.

ಆ ಮೂರನೇ ಫೀಲ್ಡರ್ ಬಗ್ಗೆ: ಉದ್ದ ಲೆನ್ಸ್ ಹಾಕಿದಾಗ ದೂರದವನು ಬ್ಯಾಟ್ಸ್‌ಮನ್ ಬೆನ್ನಿಗೇ ನಿಂತ ಹಾಗೆ ಕಾಣುತ್ತಾನೆ. ನಿರ್ದೇಶಕರಿಗೆ ಆ ಮುಖ ಅಲ್ಲಿ ಬೇಕಾಗಿತ್ತು, ಅಷ್ಟೇ.

ಕಟ್ಟೆ ಮೇಲಿನವ

ತಮ್ಮಾ, ನೀನು ಹೇಳಿದ್ದು ಸರಿ. ನನಗೆ ಮೂರು ಸಲ ಟೋಪಿ ಬದಲಿಸಿದರು. ಒಂದು ಕಡೆ ನೀಲಿ, ಒಂದು ಕಡೆ ಕೆಂಪು, ಕೊನೆಗೆ ತಲೆಗೆ ಟವೆಲ್. ಸಿನಿಮಾದಲ್ಲಿ ನಾನು ನನ್ನ ಪಕ್ಕದಲ್ಲೇ ಕೂತಿರುತ್ತೇನೆ ಹಾಗಾದರೆ.

ಮಿರ್ಚಿ ಭಜಿ ಸಂಘ

ಮೂವರೂ ಸೇರಿ ನೋ ಬಾಲ್ ಕೂಗಬಹುದಿತ್ತು.

ನವನಗರ ನಾನ್‌ಸ್ಟ್ರೈಕರ್

1996 ಅಂದಿರಲ್ಲ, ಇನ್ನೇನು ತಪ್ಪು ಕಂಡಿತು? ನನಗೆ ಇಂಥದ್ದು ಹುಡುಕುವುದು ಅಂದರೆ ಹಬ್ಬ.

ಕಟ್ಟೆ ಮೇಲಿನವ

ಕೇಳಿದಿರಲ್ಲ, ಹೇಳಿಬಿಡುತ್ತೇನೆ. ಬಿಳಿ ಅಂಗಿಯ ಬೆನ್ನ ಮೇಲೆ ಹೆಸರು, ನಂಬರ್! ಟೆಸ್ಟಿನಲ್ಲೇ ಅದು ಶುರುವಾದದ್ದು 2019ರ ಆ್ಯಷಸ್ ಸರಣಿಯಲ್ಲಿ. 1996ರ ರಣಜಿ ಹುಡುಗನ ಬೆನ್ನಿಗೆ 18 ಅಂತ ಇದೆ. ಯಾಕೆ 18 ಅಂತ ನಾನು ಹೇಳಬೇಕಾಗಿಲ್ಲ.

ಬ್ಯಾಟು ನೋಡಿದರೆ ಮಂಚದ ಕಾಲಿನ ಹಾಗೆ ದಪ್ಪ. ಆಗಿನ ಬ್ಯಾಟಿನ ಅಂಚು ಎಷ್ಟಿತ್ತು ಅಂತ ನನ್ನ ಅಟ್ಟದ ಮೇಲಿನ ಹಳೇ ಬ್ಯಾಟು ತಂದು ತೋರಿಸಲಾ ಅನ್ನಿಸಿತು. ಬೌಂಡರಿಗೆ ಜಾಹೀರಾತಿನ ಮೆತ್ತನೆಯ ತ್ರಿಕೋನಗಳು. ನಮ್ಮ ಕಾಲಕ್ಕೆ ಸುಣ್ಣದ ಗೆರೆ, ಅಲ್ಲೊಂದು ಇಲ್ಲೊಂದು ಕೆಂಪು ಬಾವುಟ.

ರನೌಟ್ ಸೀನಿನಲ್ಲಿ ಅಂಪೈರ್ ಗಾಳಿಯಲ್ಲಿ ಟಿವಿ ಚೌಕ ಬರೆದ. ಆಗ ನಾನು ಬಾಯಿಗೆ ಭಜಿ ತುರುಕಿಕೊಂಡೆ.

ಸ್ಕೋರರ್ ಮಾಮಾ

ಬ್ಯಾಟಿನ ದಪ್ಪಕ್ಕೆ ಮಿತಿ ಬಂದದ್ದೇ 2017ರಲ್ಲಿ. ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67. ಅದಕ್ಕಿಂತ ಮೊದಲು ಅಗಲಕ್ಕೆ, ಉದ್ದಕ್ಕೆ ಮಾತ್ರ ಮಿತಿ ಇತ್ತು. ಹಾಗಾಗಿ 1996ರಲ್ಲಿ ದಪ್ಪ ಬ್ಯಾಟು ಕಾನೂನಿಗೆ ವಿರುದ್ಧ ಅಲ್ಲ. ಯಾರ ಹತ್ತಿರವೂ ಇರಲಿಲ್ಲ, ಅಷ್ಟೇ. ಟಿವಿ ಅಂಪೈರ್ 1992ರಲ್ಲೇ ಬಂದಿತ್ತು. ಡರ್ಬನ್ ಟೆಸ್ಟಿನಲ್ಲಿ ಮೊದಲ ಬಲಿ ನಮ್ಮ ಸಚಿನ್, ರನೌಟ್. ಆದರೆ ನಮ್ಮೂರ ಮೈದಾನದಲ್ಲಿ ಟಿವಿ ಎಲ್ಲಿತ್ತು? ಸ್ಕೋರರ್ ಟೇಬಲ್ಲಿಗೆ ಛತ್ರಿ ಸಿಕ್ಕರೆ ಪುಣ್ಯ.

ಸಿನಿಮಾ ಹುಚ್ಚಿ

ನಿಮ್ಮ ಜೊತೆ ಸಿನಿಮಾಕ್ಕೆ ಹೋಗುವವರ ಕರ್ಮ. ನನ್ನ ಅಣ್ಣನೂ ಹೀಗೇ. ಟಾಕೀಸಿನಲ್ಲಿ "ನೆರಳು ನೋಡು, ನೆರಳು ನೋಡು" ಅನ್ನುತ್ತಾನೆ.

ಸ್ಕೋರರ್ ಮಾಮಾ

ನೆರಳು ನೋಡಲೇಬೇಕಮ್ಮಾ. ಪಿಚ್ ಹೆಚ್ಚಾಗಿ ಉತ್ತರ-ದಕ್ಷಿಣ ಹಾಕುತ್ತಾರೆ, ಯಾರ ಕಣ್ಣಿಗೂ ಬಿಸಿಲು ನೇರ ಬೀಳದಿರಲಿ ಅಂತ. ಹಾಗಾಗಿ ಬೆಳಿಗ್ಗೆ ನೆರಳು ಒಂದು ಪಕ್ಕಕ್ಕೆ, ಸಂಜೆ ಇನ್ನೊಂದು ಪಕ್ಕಕ್ಕೆ. ಸಿನಿಮಾದಲ್ಲಿ ಬೌಲರಿನ ನೆರಳು ಆಫ್ ಸೈಡಿಗೆ, ಚೆಂಡು ತಲುಪುವಷ್ಟರಲ್ಲಿ ಬ್ಯಾಟ್ಸ್‌ಮನ್ ನೆರಳು ಲೆಗ್ ಸೈಡಿಗೆ. ಒಂದು ಚೆಂಡಿಗೆ ಎಂಟು ತಾಸು ಹಿಡಿದಿದೆ ಅಂತಾಯಿತು. ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.

ಗದಗ ಪ್ಯಾಸೆಂಜರ್

ಎಲ್ಲರೂ ನೆರಳು, ಬ್ಯಾಟು ಅಂತ ಕೂತಿದ್ದೀರಿ. ನನ್ನ ತಕರಾರು ಬೇರೆ. 'ಹಳ್ಳಿ ಹುಡುಗ ರಣಜಿ ಆಡುವುದು' ಅಂತ ಕಥೆ ಕಟ್ಟಲು ಬೆಂಗಳೂರಿನಲ್ಲಿ ಕೂತು ತಲೆ ಕೆರೆದುಕೊಳ್ಳಬೇಕಾ? ನಮ್ಮ ಗದುಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ಹುಬ್ಬಳ್ಳಿಗೆ ಬಂದು, ಪ್ರಾಕ್ಟೀಸ್ ಮಾಡಿ, ಸಾಲೆ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. ಇದಕ್ಕಿಂತ ಸಿನಿಮಾ ಬೇಕಾ? 1995-96ರ ಒಂದೇ ರಣಜಿ ಸೀಸನ್‌ನಲ್ಲಿ 500 ರನ್, 50 ವಿಕೆಟ್ ಎರಡೂ ದಾಟಿದರು. ಆ ವರ್ಷ ಟ್ರೋಫಿ ಕರ್ನಾಟಕಕ್ಕೆ ಬಂತು. ಮುಂದೆ ನೈರೋಬಿ, 1999ರ ಸೆಪ್ಟೆಂಬರ್, ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್ (ರನ್ನೇ ಕೊಡದ ಓವರ್), 6 ರನ್, 5 ವಿಕೆಟ್. ಇದನ್ನು ಕಥೆಗಾರ ಬರೆದರೆ "ಜಾಸ್ತಿ ಆಯ್ತು, ಕಡಿಮೆ ಮಾಡಿ" ಅಂತ ನಿರ್ಮಾಪಕರೇ ಹೇಳುತ್ತಾರೆ.

ಹಾವೇರಿ ಏಲಕ್ಕಿ

ಅದರ ಮುಂದಿನ ವರ್ಷದ್ದು ಬಿಟ್ಟಿರಿ. 2000ದ ನವೆಂಬರ್, ಢಾಕಾ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಜೋಶಿ 92 ರನ್, 8 ವಿಕೆಟ್, ಪಂದ್ಯಶ್ರೇಷ್ಠ. 8 ರನ್ನಿಗೆ ಶತಕ ಹೋಯಿತು. ಸಿನಿಮಾದಲ್ಲಾದರೆ ಶತಕ ಮಾಡಿಸಿ, ಅಮ್ಮ ದೇವರ ಮನೆಯಲ್ಲಿ ಗಂಟೆ ಹೊಡೆಯುತ್ತಿದ್ದರು.

ಗದಗ ಪ್ಯಾಸೆಂಜರ್

ಅದೇ ನಾನು ಹೇಳುವುದು! ಆ 92ರಲ್ಲೇ ರುಚಿ ಇದೆ.

ಸಿನಿಮಾ ಹುಚ್ಚಿ

ಇಲ್ಲಿ ನಾನು ಜಗಳ ಆಡುತ್ತೇನೆ. ನಿಜವಾದ ಆಟದಲ್ಲಿ ಎಲ್ಲ ಸಿಗುತ್ತದೆ, ಸಿನಿಮಾ ಸುಮ್ನೆ ಸುಳ್ಳು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಕಪಿಲ್ ದೇವ್ ಔಟಾಗದೆ 175. ಕೊನೆಯಲ್ಲಿ ನಮ್ಮ ಕಿರ್ಮಾನಿ 24 ಹೊಡೆದು ಜೊತೆಗೆ ನಿಂತರು, ಮುರಿಯದ 126 ರನ್ ಜೊತೆಯಾಟ. ಅವತ್ತು ಅಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ. ಆ ಇನಿಂಗ್ಸನ್ನು ಮೈದಾನದಲ್ಲಿದ್ದವರು ಬಿಟ್ಟರೆ ಬೇರೆ ಯಾರೂ ನೋಡಿಲ್ಲ. ಆ ವಿಶ್ವಕಪ್ ಮೇಲೆ ಹಿಂದಿಯಲ್ಲಿ ಸಿನಿಮಾ ಮಾಡಿದವರು ಅದೇ ಊರಿಗೆ, ಅದೇ ಮೈದಾನಕ್ಕೆ ಹೋಗಿ ಚಿತ್ರೀಕರಿಸಿದರು. ಅದನ್ನು ನೋಡುವಾಗ ನನ್ನ ಅಪ್ಪ ಟಾಕೀಸಿನಲ್ಲಿ ಎದ್ದು ನಿಂತಿದ್ದರು. ರೇಡಿಯೋದಲ್ಲಿ ಸ್ಕೋರ್ ಮಾತ್ರ ಕೇಳಿದ್ದ ಮನುಷ್ಯ ಅವರು. ಅವರಿಗೆ ಲೆಗ್ ಸೈಡಿನ ಲೆಕ್ಕ ಹೇಳುತ್ತೀರಾ?

ಸ್ಕೋರರ್ ಮಾಮಾ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಅಪ್ಪನವರಿಗೆ ಎರಡು ನಮಸ್ಕಾರ.

ದೂರದೇಶಿ (ಧಾರವಾಡ, ಈಗ ಬೋಸ್ಟನ್)

ಈ ಮಾತುಕತೆಗೆ ನಮ್ಮೂರಿನದ್ದೊಂದು ಸೇರಿಸುತ್ತೇನೆ. ಇಲ್ಲಿಯ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್. 1918ರ ನಂತರ ಚಾಂಪಿಯನ್ ಆಗಿರಲೇ ಇಲ್ಲ. ಈ ಸಲ ಕಪ್ ನಮ್ಮದೇ ಅನ್ನುವ ಮಾತು ಆರ್‌ಸಿಬಿಗಿಂತ ಎಷ್ಟೋ ಹಳೆಯದು ಇಲ್ಲಿ. 2004ರಲ್ಲಿ ಆ ತಂಡದ ಅಭಿಮಾನಿಯೊಬ್ಬನ ಪ್ರೇಮಕಥೆ ಸಿನಿಮಾ ಆಗುತ್ತಿತ್ತು. ತಂಡ ಯಾವತ್ತಿನ ಹಾಗೆ ಸೋಲುತ್ತದೆ ಅನ್ನುವುದು ಕಥೆಯ ಲೆಕ್ಕ. ನೋಡಿದರೆ ತಂಡ ಗೆದ್ದೇಬಿಟ್ಟಿತು, 86 ವರ್ಷದ ನಂತರ! ಕೊನೆ ಬದಲಿಸಬೇಕಾಯಿತು. ಸೇಂಟ್ ಲೂಯಿಸ್ ಮೈದಾನದಲ್ಲಿ ನಿಜವಾದ ಆಟಗಾರರು ಕುಣಿಯುತ್ತಿದ್ದಾಗ ಅವರ ಮಧ್ಯೆಯೇ ಸಿನಿಮಾದ ನಾಯಕ-ನಾಯಕಿ ಓಡಿ ಹೋಗಿ ಸೀನ್ ಮುಗಿಸಿದರು. ಮೈದಾನದವರು ಸಿನಿಮಾದವರ ಮಾತು ಕೇಳಲಿಲ್ಲ, ಸಿನಿಮಾದವರೇ ಮೈದಾನದ ಮಾತು ಕೇಳಬೇಕಾಯಿತು.

ಅಂದ ಹಾಗೆ, ಯಾರಾದರೂ ಈ ಕಡೆ ಬರುವವರಿದ್ದರೆ ಲೈನ್ ಬಜಾರ್‌ನ ಪೇಡಾ ಒಂದು ಕೆಜಿ ತರುತ್ತೀರಾ?

ಮಿರ್ಚಿ ಭಜಿ ಸಂಘ

ಪೇಡಾ ತರುವವರು ಬೋಸ್ಟನ್ ತಲುಪುವುದರೊಳಗೆ ಡಬ್ಬಿ ಖಾಲಿ ಆಗಿರುತ್ತದೆ. ಹುಬ್ಬಳ್ಳಿಯಿಂದ ವಿಮಾನ ಹತ್ತುವ ಮೊದಲೇ ಅರ್ಧ.

ಹಾವೇರಿ ಏಲಕ್ಕಿ

ಕಟ್ಟೆಯವರೇ, ಒಂದು ಪ್ರಶ್ನೆ. ಹೀರೋ ಮಾತಾಡಿದ್ದು ಕೇಳಿದಿರಾ? ಯಾವ ಕನ್ನಡ?

ಕಟ್ಟೆ ಮೇಲಿನವ

ಅಯ್ಯೋ, ಅದನ್ನು ಕೇಳಬೇಡಿ. ಎಲ್ಲದರ ಕೊನೆಗೆ ಒಂದು 'ಐತಿ', ಒಂದು 'ಲೇ ಮಗನ' ಸೇರಿಸಿದರೆ ನಮ್ಮ ಮಾತು ಆಯಿತು ಅಂದುಕೊಂಡಿದ್ದಾರೆ. ಸಿನಿಮಾದಲ್ಲಿ ಅಪ್ಪ ಮಗನಿಗೆ ಹೇಳುತ್ತಾನೆ, "ನೀನು ಗೆದ್ದು ಬರಬೇಕು ಐತಿ". ನಾನು ಕಿವಿಯಾರೆ ಕೇಳಿದೆ. ಬರಬೇಕು ಐತಿ!

ರಾಣೆಬೆನ್ನೂರು ರೇಡರ್

ನಗು ತಡೆಯಲಾಗುತ್ತಿಲ್ಲ ಐತಿ.

ಗದಗ ಪ್ಯಾಸೆಂಜರ್

ಇದಕ್ಕೆ ಕೂಗಬೇಕಿತ್ತು ನೀವು! ನೋ ಬಾಲಿಗಲ್ಲ. ನಮ್ಮ ಕಡೆಯವನು ಸಿನಿಮಾದಲ್ಲಿ ಬಂದರೆ ಒಂದೋ ನಗಿಸಬೇಕು, ಇಲ್ಲಾ ಲಾಂಗು ಹಿಡಿಯಬೇಕು. ಈ ಸಲವಾದರೂ ಬ್ಯಾಟು ಕೊಟ್ಟಿದ್ದಾರಲ್ಲ ಅಂತ ಖುಷಿ ಪಡಲಾ?

ಲೈಟ್ ಹುಡುಗ

ಇದರಲ್ಲಿ ನಾನೂ ನಿಮ್ಮ ಪಕ್ಷ. ಸೆಟ್ಟಿನಲ್ಲಿ ನಾನು ಒಂದು ಸಲ "ಸರ್, ನಮ್ಮ ಕಡೆ ಹಂಗ ಅನ್ನಂಗಿಲ್ಲರಿ" ಅಂದೆ. "ನೀನು ಲೈಟ್ ಹಿಡಿ" ಅಂದರು. ಹಿಡಿದೆ.

ಮಾಲಿ ಮಗ

ಬೆಳಗಿನಿಂದ ಓದುತ್ತಿದ್ದೇನೆ. ಎಲ್ಲರೂ ಸಿನಿಮಾ, ಫ್ರೇಮು, ಭಾಷೆ ಅಂತ ಮಾತಾಡಿದಿರಿ. ಆ ಭಾನುವಾರ ಅಲ್ಲಿ ಆಡಬೇಕಾಗಿದ್ದ ಹುಡುಗರು ಎಲ್ಲಿ ಹೋದರು ಅಂತ ಒಬ್ಬರೂ ಕೇಳಲಿಲ್ಲ.

ನನ್ನ ಅಪ್ಪ ಇಪ್ಪತ್ತೆಂಟು ವರ್ಷ ಮೈದಾನದ ಮಾಲಿಯಾಗಿದ್ದರು. ಯಾವ ಮೈದಾನ ಅಂತ ನಾನೂ ಹೇಳಲ್ಲ. ನಮ್ಮದು ಎರಿ ಮಣ್ಣು. ನೀರು ಕುಡಿದರೆ ಹಿಟ್ಟಿನ ಹಾಗೆ ಮೆತ್ತಗೆ, ಒಣಗಿದರೆ ಬಿರುಕು. ಮ್ಯಾಚಿಗೆ ಪಿಚ್ ಮಾಡಬೇಕು ಅಂದರೆ ದಿನಗಟ್ಟಲೆ ನೀರು ಹಾಕಿ, ಹದ ಬಂದಾಗ ರೋಲರ್ ಎಳೆದು, ಮತ್ತೆ ಒಣಗಿಸಿ, ಮತ್ತೆ ಎಳೆಯಬೇಕು. ಹದ ಬಂತಾ ಇಲ್ಲವಾ ಅಂತ ಅಪ್ಪ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮಳೆ ಮೋಡ ಕಂಡರೆ ಊಟದ ತಾಟು ಬಿಟ್ಟು ತಾಡಪಾಲು ಹೊದಿಸಲು ಓಡುತ್ತಿದ್ದರು. ಚಪ್ಪಲಿ ಹಾಕಿ ಪಿಚ್ ಮೇಲೆ ಕಾಲಿಟ್ಟರೆ ನನಗೂ ಬೆನ್ನ ಮೇಲೆ ಒಂದು ಬೀಳುತ್ತಿತ್ತು.

ಒಮ್ಮೆ ಅಲ್ಲೂ ಶೂಟಿಂಗ್ ಬಂತು. ಹಿಂದಿನ ರಾತ್ರಿ ಮಳೆಯಾಗಿತ್ತು. ಜನರೇಟರ್ ಲಾರಿ ಸೀದಾ ಔಟ್‌ಫೀಲ್ಡ್ ಒಳಗೆ ಬಂತು. ಕ್ಯಾಮೆರಾ ತಳ್ಳಲು ಹಳಿ ಹಾಕಿದರು. ಅಪ್ಪ ಬೇಡ ಅಂದರು. ಮೇಲಿನವರ ಪರ್ಮಿಶನ್ ಇದೆ ಅಂದರು ಅವರು. ಲಾರಿ ಗಾಲಿಯ ಗುರುತು ಆರು ತಿಂಗಳು ಹೋಗಲಿಲ್ಲ. ಅಪ್ಪ ದಿನಾ ಸಂಜೆ ಪುಟ್ಟಿಯಲ್ಲಿ ಮಣ್ಣು ತಂದು ತುಂಬುತ್ತಿದ್ದರು. ಆ ಸಿನಿಮಾ ಟಿವಿಯಲ್ಲಿ ಬಂದಾಗ ಚಾನೆಲ್ ಬದಲಿಸು ಅಂದರು.

ನವನಗರ ನಾನ್‌ಸ್ಟ್ರೈಕರ್

ಅಣ್ಣಾ, ನಿಮ್ಮ ಮಾತಿಗೆ ಎದುರಾಡಲು ಮನಸ್ಸಿಲ್ಲ. ಆದರೆ ಶೂಟಿಂಗ್ ಬಾಡಿಗೆ ಬಂದರೆ ಮೈದಾನಕ್ಕೇ ಅಲ್ವಾ ಒಳ್ಳೆಯದು? ಲೀಗ್ ಮ್ಯಾಚಿಗೆ ಟಿಕೆಟ್ ಇಲ್ಲ. ನೆಟ್, ರೋಲರ್, ನೀರಿನ ಮೋಟಾರ್, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು?

ಮಾಲಿ ಮಗ

ಬರಲಿ, ಬೇಡ ಅನ್ನಲ್ಲ. ಆದರೆ ಆ ಬಾಡಿಗೆ ರೋಲರ್‌ವರೆಗೆ ನಡೆದು ಬಂದದ್ದನ್ನು ನಾನು ನೋಡಿಲ್ಲ. ಬಾಡಿಗೆ ಕೊಡಿ, ಹಲಗೆ ಹಾಸಿ, ಲಾರಿ ಹೊರಗೆ ನಿಲ್ಲಿಸಿ ಕೇಬಲ್ ಎಳೆದುಕೊಳ್ಳಿ, ಭಾನುವಾರ ಬಿಟ್ಟು ಬನ್ನಿ. ಇಷ್ಟೇ.

ಲೈಟ್ ಹುಡುಗ

ಸರಿಯಾದ ಯೂನಿಟ್ ಹಾಗೇ ಮಾಡುತ್ತದೆ ಅಣ್ಣಾ. ಹಲಗೆ ಹಾಸುತ್ತೇವೆ, ಕೇಬಲ್ ಎಷ್ಟು ಬೇಕಾದರೂ ಉದ್ದ ಎಳೆಯಬಹುದು. ಸೋಮಾರಿತನ ಮಾಡುವವರೂ ಇದ್ದಾರೆ, ಸುಳ್ಳು ಹೇಳಲ್ಲ.

ಕಟ್ಟೆ ಮೇಲಿನವ

ಮಾಲಿ ಮಗ ಅವರೇ, ನಾಚಿಕೆ ಆಯಿತು. ನಾನು ಮೂರು ಫೀಲ್ಡರ್ ಎಣಿಸಿದೆ. ಗೇಟಿನ ಹೊರಗೆ ಕಿಟ್ ಬ್ಯಾಗ್ ಹಿಡಿದು ಕೂತಿದ್ದ ಹುಡುಗರನ್ನು ಎಣಿಸಲಿಲ್ಲ. ಅವರನ್ನು ನೋಡಿದ್ದು ನಿಜ. ಶೂಟಿಂಗ್ ನೋಡಲು ಬಂದವರು ಅಂದುಕೊಂಡೆ. ಆಮೇಲೆ ವಿಚಾರಿಸಿದರೆ ಅವತ್ತಿನ ಮ್ಯಾಚನ್ನು ಮುಂದಿನ ಭಾನುವಾರಕ್ಕೆ ಹಾಕಿದ್ದಾರಂತೆ, ಹುಡುಗರಿಗೆ ಗೊತ್ತಾದದ್ದು ಗೇಟಿನಲ್ಲಿ. ಒಬ್ಬ ಶಿಗ್ಗಾಂವಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದನಂತೆ.

ಗದಗ ಪ್ಯಾಸೆಂಜರ್

ನಿಮ್ಮ ಸಿನಿಮಾದ ಹಳ್ಳಿ ಹುಡುಗ ಗೇಟಿನ ಹೊರಗೇ ಕೂತಿದ್ದ ನೋಡಿ.

ನವನಗರ ನಾನ್‌ಸ್ಟ್ರೈಕರ್

ವಿಷಯ ಸ್ವಲ್ಪ ಬೇರೆ. 2024ರ ಜನವರಿಯಲ್ಲಿ ನಮ್ಮ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಪಂಜಾಬ್ ಮೇಲೆ ರಣಜಿ ನಡೆಯಿತಲ್ಲ, ಯಾರ್ಯಾರು ಬಂದಿದ್ದಿರಿ? ಕೌಶಿಕ್ 7 ವಿಕೆಟ್, ಪಡಿಕ್ಕಲ್ 193, ಮನೀಶ್ ಪಾಂಡೆ ಶತಕ. ಪಂಜಾಬ್ ಎರಡನೇ ಇನಿಂಗ್ಸಿನಲ್ಲಿ 400 ದಾಟಿ ಬೆವರಿಳಿಸಿತು. ಗೆದ್ದೆವು. ಆಫೀಸಿಗೆ ಹೊಟ್ಟೆನೋವು ಅಂತ ಹೇಳಿ ಎರಡು ದಿನ ಕೂತಿದ್ದೆ. ಪಡಿಕ್ಕಲ್ 190ರ ಮೇಲೆ ಇದ್ದಾಗ ಪಕ್ಕದವನು "200 ಆಗೇ ಆಗುತ್ತೆ" ಅಂತ ಎದ್ದು ನಿಂತ. ಆಗಲಿಲ್ಲ. ಆ 'ಅಯ್ಯೋ' ಎಲ್ಲರ ಬಾಯಿಂದ ಒಟ್ಟಿಗೇ ಬಂತು. ಯಾರೂ ಮೈಕಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಸ್ಕೋರರ್ ಮಾಮಾ

ನಾನಿದ್ದೆ. ನಾಲ್ಕೂ ದಿನ. ಹೊಟ್ಟೆನೋವಿನವರು ಬಹಳ ಜನ ಕಂಡರು.

ಸಿನಿಮಾ ಹುಚ್ಚಿ

ಕಟ್ಟೆಯವರೇ, ಮಗಳು ಏನಂದಳು ಕೊನೆಗೆ?

ಕಟ್ಟೆ ಮೇಲಿನವ

"ಪಪ್ಪಾ, ನಿಜವಾದ ಮ್ಯಾಚಿಗಿಂತ ಇದೇ ಚಲೋ, ಸಿಕ್ಸ್ ಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತೆ" ಅಂದಳು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎಲ್ಲಿ ತಪ್ಪಿದೆ ನಾನು?

ರಾಣೆಬೆನ್ನೂರು ರೇಡರ್

ಕಬಡ್ಡಿಗೆ ಕಳಿಸಿ.

ಕಟ್ಟೆ ಮೇಲಿನವ (ಮುಂದಿನ ಭಾನುವಾರ, ಸಂಜೆ)

ವರದಿ ಒಪ್ಪಿಸುತ್ತಿದ್ದೇನೆ. ಇವತ್ತು ಹುಡುಗರ ಮ್ಯಾಚ್ ನಡೆಯಿತು. ಕ್ರೇನ್ ಇಲ್ಲ, ಟೋಪಿ ಇಲ್ಲ. ಲಾಂಗ್ ಆನ್ ಕಡೆ ಲಾರಿ ಗಾಲಿಯ ಗುಂಡಿ ಹಾಗೇ ಇದೆ. ಮಾಲಿ ಮಗ ಹೇಳಿದ್ದಕ್ಕೇ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ನೋಡುತ್ತಿರಲಿಲ್ಲ.

ಕೊನೆಯ ಓವರ್, 5 ರನ್ ಬೇಕು. ಆ ಶಿಗ್ಗಾಂವಿ ಹುಡುಗ ಲಾಂಗ್ ಆನ್‌ನಲ್ಲಿ. ಚೆಂಡು ನೆಲದ ಮೇಲೆ ಸೀದಾ ಅವನ ಕೈಗೆ ಉರುಳಿ ಬರುತ್ತಿತ್ತು. ಗುಂಡಿಗೆ ಬಿದ್ದು ಪಕ್ಕಕ್ಕೆ ಜಿಗಿದು ಬೌಂಡರಿ ದಾಟಿತು. ಮುಂದಿನ ಚೆಂಡಿಗೆ ಒಂದು ರನ್. ಅವನ ತಂಡ ಸೋತಿತು. ಹುಡುಗ ಹೋಗಿ ಗುಂಡಿಯನ್ನು ನೋಡುತ್ತಾ ನಿಂತ. ಆಮೇಲೆ ಬೂಟಿನ ಹಿಮ್ಮಡಿಯಿಂದ ಮಣ್ಣು ತಳ್ಳಿ ಮುಚ್ಚತೊಡಗಿದ. ನನ್ನ ಮಗಳೂ ಹೋಗಿ ಕಾಲು ಹಚ್ಚಿದಳು.

ಸ್ಕೋರರ್ ಮಾಮಾ, ಅದಕ್ಕೆ ನಾಲ್ಕು ಕೊಡಬೇಕಿತ್ತಾ? ನಾನು ಕೂಗಲಿಲ್ಲ ಈ ಸಲ.

ಸ್ಕೋರರ್ ಮಾಮಾ

ನಾಲ್ಕೇ. ಗೆರೆ ದಾಟಿದರೆ ನಾಲ್ಕು, ಗುಂಡಿಯಿಂದ ದಾಟಿದರೂ ನಾಲ್ಕು. ಸ್ಕೋರ್ ಬುಕ್ಕಿನಲ್ಲಿ ಗುಂಡಿ ಬರೆಯಲು ಕಾಲಂ ಇಲ್ಲ.

ಮಾಲಿ ಮಗ

ಎಷ್ಟು ಆಳ ಇದೆ? ಶನಿವಾರ ಸಂಜೆ ಎರಡು ಪುಟ್ಟಿ ಮಣ್ಣು ತರುತ್ತೇನೆ. ಗೇಟು ತೆಗೆದಿರುತ್ತಾ?

ಕಟ್ಟೆ ಮೇಲಿನವ

ಒಂದು ಗೇಣಿಗಿಂತ ಕಡಿಮೆ. ಗೇಟಿನವನು ಪರಿಚಯ, ಮಾತಾಡುತ್ತೇನೆ. ಐದು ಗಂಟೆಗೆ ಬನ್ನಿ.

ಮಿರ್ಚಿ ಭಜಿ ಸಂಘ

ಐದಕ್ಕೆ ಬಂಡಿ ಇರುತ್ತೆ ಅಲ್ವಾ?